ಪಂಚಮಿಗೆ ತರಬೇಕಿದ್ದ ಕಾರು

ಆ ಮಾತು ಹುಟ್ಟಿದಾಗ ನಾನು ಅಲ್ಲೇ ಇದ್ದೆ. ಹುಮನಾಬಾದಿನಲ್ಲಿ ಅಕ್ಕನ ಅತ್ತೆಮನೆ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅಪ್ಪ ಅದರ ಅಂಚಿನಲ್ಲಿ ಕುಳಿತಿದ್ದ. ಕಾಲಿಗೆ ಮೆತ್ತಿದ ಕೆಸರು ಜಮಖಾನೆಗೆ ತಾಗದಿರಲೆಂದು ಪಾದಗಳನ್ನು ಹೊರಗೆ ಚಾಚಿದ್ದ. ಅವನ ಕಿರಿಯ ಮಗಳು ನಾನು, ಅವನ ಬೆನ್ನ ಹಿಂದೆ ಕುಳಿತಿದ್ದೆ. ನನಗಾಗ ಹನ್ನೆರಡೋ ಹದಿಮೂರೋ ವರ್ಷ. ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಸುಮಾರು ಅಷ್ಟೇ ವರ್ಷಗಳಾಗಿದ್ದವು.

ಅಕ್ಕನ ಲಗ್ನವಾದ ಮೇಲೆ ಬಂದ ಮೊದಲ ನಾಗರಪಂಚಮಿ ಅದು. ನಮ್ಮ ಕಡೆ ಲಗ್ನವಾದ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುತ್ತಾರೆ, ಆದರೆ ತಾವಾಗಿ ಬರುವುದಿಲ್ಲ. ತವರಿನಿಂದ ಯಾರಾದರೂ ಹೋಗಿ ಬೀಗರ ಮುಂದೆ ಕುಳಿತು, "ಮಗಳನ್ನ ಹಬ್ಬಕ್ಕ ಕಳಸ್ರಿ" ಎಂದು ಬಾಯಿಬಿಟ್ಟು ಕೇಳಬೇಕು. ಕರೆಯದೆ ಬಂದ ಮಗಳನ್ನು ಓಣಿ ಬೇರೆ ಕಣ್ಣಿನಿಂದ ನೋಡುತ್ತದೆ. ಹಾಗಾಗಿ ಅಪ್ಪ ನನ್ನನ್ನೂ ಕರೆದುಕೊಂಡು ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿದ್ದ. ದಾರಿಯಲ್ಲಿ ಮಳೆ ಹಿಡಿದು ರಾಜೇಶ್ವರದ ಹತ್ತಿರ ಬಸ್ಸು ರಸ್ತೆಯ ಬದಿಗೆ ಜಾರಿ ಕೆಸರಿನಲ್ಲಿ ಕೂತಿತು. ಗಂಡಸರೆಲ್ಲ ಇಳಿದು ದಬ್ಬಿದರು. ಅಪ್ಪನ ಬಿಳಿ ಧೋತರ ಮೊಳಕಾಲಿನವರೆಗೆ ಕರಿಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಅಕ್ಕನ ಮಾವ ದೊಡ್ಡ ಧ್ವನಿಯ ಮನುಷ್ಯರು. ಅವರ ಮನೆಯಲ್ಲಿ ಜೀಪಿತ್ತು. ಅಪ್ಪನ ಧೋತರ ನೋಡಿ ಅವರು ಕೇಳಿದರು:

"ಏನ್ರಿ ಬೀಗರ, ದಾರ್ಯಾಗ ಯಾರದರ ಹೊಲದಾಗ ಕುಂಟಿ ಹೊಡದ ಬಂದ್ರೇನು?"

"ಬಸ್ಸ್ ಹುದಲಾಗ ಸಿಕ್ಕಿತ್ರಿ. ಇಳದ ದಬ್ಬಿದಿವಿ."

"ನಮ್ಮ ಸೊಸಿನ್ನೂ ಹಂಗ ದಬ್ಕೋತ ಒಯ್ತೀರೇನು? ಈ ಸಲ ಒಯ್ರಿ. ಮುಂದಿನ ಪಂಚಮಿಗಿ ಮೋಟಾರ ತಗೊಂಡ ಬರ್ರಿ. ಮೋಟಾರ ಇಲ್ಲಂದ್ರ ಕಳಸಂಗಿಲ್ಲ ನೋಡ್ರಿ, ಈಗೇ ಹೇಳೀನಿ."

ಎಲ್ಲರೂ ನಕ್ಕರು. ಒಳಬಾಗಿಲಿನ ಹಿಂದೆ ನಿಂತ ಹೆಂಗಸರೂ ನಕ್ಕರು. ನಾನೂ ನಕ್ಕೆ. ಬೀಗರು ಒಬ್ಬರನ್ನೊಬ್ಬರು ಹಾಗೆ ಕಾಡದಿದ್ದರೆ ಅದು ಬೀಗತನವೇ ಅಲ್ಲ. ಲಗ್ನದಲ್ಲಿ ಅಪ್ಪನೂ ಅವರ ಹೊಟ್ಟೆ ನೋಡಿ, ಪಂಕ್ತಿಯಲ್ಲಿ ಇಬ್ಬರ ಜಾಗ ಬಿಡಿರೆಂದು ನಗಿಸಿದ್ದ. ಈಗಲೂ ಅಪ್ಪ ನಕ್ಕ. ಆದರೆ ನಾನು ಹಿಂದೆ ಕುಳಿತಿದ್ದರಿಂದ ಅವನ ಮುಖ ನನಗೆ ಕಾಣಲಿಲ್ಲ. ಧೋತರದ ಕೆಸರಾದ ಅಂಚನ್ನು ಅವನು ಮೆಲ್ಲನೆ ಮಡಿಚಿ ಒಳಗೆ ಸೇರಿಸುತ್ತಿದ್ದುದು ಮಾತ್ರ ಕಂಡಿತು.

ಆ ಸಲ ಅಕ್ಕ ನಮ್ಮ ಜೊತೆ ಅದೇ ಬಸ್ಸಿನಲ್ಲಿ ಬಂದಳು. ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಅವ್ವ ದೂಡುತ್ತಿದ್ದಳು, ಅಕ್ಕ ಜೀಕುತ್ತಿದ್ದಳು. ಸಂಜೆ ಅಪ್ಪ ಅಂಗಡಿಯಿಂದ ಬಂದಾಗ ಅಕ್ಕ ಜೋಕಾಲಿಯ ಮೇಲಿಂದಲೇ ಕೂಗಿದಳು: "ಅಪ್ಪಾ, ಮೋಟಾರ ತಗೊಂಡ್ರ ಜೋಕಾಲಿ ಹಂಗ ಇರೋದು ತಗೊ. ಹೊಟ್ಟ್ಯಾಗ ಕಚಗುಳಿ ಇಟ್ಟಂಗ ಆಗಬೇಕು!"

ಅವಳಿಗೂ ಅದು ನಗೆಯ ಮಾತು. ಅವಳು ಅತ್ತೆಮನೆಗೆ ಹೋದ ಮೇಲೆ, ಊಟಕ್ಕೆ ಕುಳಿತಾಗ ಅಪ್ಪ ಅವ್ವನಿಗೆ ಹೇಳಿದ: "ಮುಂದಿನ ಪಂಚಮಿಗಿ ಮಗಳನ್ನ ಕಾರಿನ್ಯಾಗ ತರ್ತೀನಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಬೀಗರು ನಗ್ಯಾಡಿದ್ದು ಮನಸಿಗಿ ಹಚ್ಕೊಂಡ್ರೇನು?"

"ನಗ್ಯಾಡಿದ್ದಲ್ಲ ಅದು. ನಾಲ್ಕ ಮಂದಿ ಮುಂದ ಅಂದ ಮಾತು. ಹೂಂ ಅಂದೀನಿ."

ಅಪ್ಪ ಹೂಂ ಅಂದಿರಲಿಲ್ಲ. ನಕ್ಕಿದ್ದನಷ್ಟೇ. ಆದರೆ ಅವನ ಕಸುಬು ಅಂಥದ್ದು. ಬಜಾರಿನಲ್ಲಿ ನಮ್ಮದು ಅಡತಿ ಅಂಗಡಿ. ರೈತರು ತಂದ ತೊಗರಿ, ಜೋಳವನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ಕೆಲಸ. ಅಲ್ಲಿ ಕಾಗದಕ್ಕಿಂತ ಬಾಯಿಮಾತು ದೊಡ್ಡದು. ಎದುರಿನವನು ಒಂದು ಮಾತು ಅಂದಾಗ ನೀನು ಬೇಡ ಅನ್ನದಿದ್ದರೆ ಒಪ್ಪಿದಂತೆ. ಹಾಗೆ ಮೂವತ್ತು ವರ್ಷ ಬದುಕಿದವನು ಬೀಗರ ಪಡಸಾಲೆಯಲ್ಲೂ ಹಾಗೆಯೇ ಇದ್ದ.

ಕಾರು ಹೇಗಿರಬೇಕು ಎಂಬುದಕ್ಕೆ ಅವನು ಮೂರು ಮಾತು ಹೇಳಿದ. ಕುಂತರೆ ಮಗಳಿಗೆ ಮಜಾ ಬರಬೇಕು. ಬೀಗರ ಊರಿನ ದಾರಿಯಲ್ಲಿ ಕೈಕೊಡಬಾರದು. ಅದಕ್ಕಾಗಿ ಹೊಲ ಮಾರುವಂತಾಗಬಾರದು. ಇನ್ನೊಂದು ಮಾತನ್ನು ನಮಗೆಲ್ಲ ಬಿಗಿಯಾಗಿ ಹೇಳಿದ: ಈ ಸುದ್ದಿ ಹುಮನಾಬಾದಿಗೆ ಮುಟ್ಟಬಾರದು. ಗಾಡಿ ಹೋಗಿ ಅವರ ಬಾಗಿಲಲ್ಲಿ ನಿಂತ ದಿನವೇ ಅವರಿಗೆ ಗೊತ್ತಾಗಬೇಕು.

ಆಗ ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅಪ್ಪನಿಗೆ ಪಂಚಮಿಯ ಗಡುವಿತ್ತು. ಅದಕ್ಕೆ ಹಳೆಯದನ್ನೇ ಹುಡುಕತೊಡಗಿದ. ಹುಡುಕಾಟಕ್ಕೆ ಇಬ್ಬರು ಜೊತೆಯಾದರು. ಒಬ್ಬ ನನ್ನ ಸೋದರಮಾವ, ಅವ್ವನ ತಮ್ಮ, ಎಲ್ಲದರಲ್ಲೂ ಒಂದು ಐಬು ಕಾಣುವವನು. ಇನ್ನೊಬ್ಬ ಮಿಸ್ತ್ರಿ ಚಾಚಾ. ಊರಿನ ರಸ್ತೆ ಹೈದರಾಬಾದಿನ ಹೆದ್ದಾರಿಗೆ ಕೂಡುವಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ಲಾರಿ ಬಿಟ್ಟರೆ ಬೇರೆ ಗಾಡಿಗಳ ಬಗ್ಗೆ ಅವನು ಹೇಳಿದ್ದರಲ್ಲಿ ಅರ್ಧ ಸುಳ್ಳಾಗುತ್ತಿತ್ತು. ಆದರೆ ಅವನಿದ್ದರೆ ಅಪ್ಪನಿಗೆ ಧೈರ್ಯ.

ಮೊದಲು ನೋಡಿದ್ದು ರಾಜೇಶ್ವರದ ಒಬ್ಬ ಜಮೀನುದಾರರ ಮನೆಯ ದೊಡ್ಡ ವಿಲಾಯಿತಿ ಕಾರು. ನಿಜಾಮರ ಕಾಲದ್ದು. ನಾನೂ ಹೋಗಿದ್ದೆ. ಕೊಟ್ಟಿಗೆಯಲ್ಲಿ ಮೇವಿನ ಪಕ್ಕ ನಿಲ್ಲಿಸಿದ್ದರು. ಮಿಸ್ತ್ರಿ ಚಾಚಾ ಬಾಗಿಲು ತೆಗೆದ ಕೂಡಲೇ ಒಂದು ಕೋಳಿ ಅವನ ಎದೆಗೆ ಹಾರಿ ಹೊರಗೆ ಓಡಿತು. ಹಿಂದಿನ ಸೀಟಿನ ಮೇಲೆ ಮೊಟ್ಟೆಗಳಿದ್ದವು.

ವಾಪಸು ಬರುವಾಗ ಚಾಚಾ ಹೇಳಿದ: "ಸಾವಕಾರ, ನಿಮ್ಮ ಮೂರೂ ಗುಣ ಒಂದ ಗಾಡ್ಯಾಗ ಸಿಗಂಗಿಲ್ರಿ. ಮಜಾ ಇದ್ದದ್ದು ದಾರ್ಯಾಗ ನಿಲ್ತದ. ನಿಲ್ಲಲಾರದ್ದು ತುಟ್ಟಿ ಇರ್ತದ. ಸಸ್ತಾ ಇದ್ದದ್ರಾಗ ಕೋಳಿ ಇರ್ತಾವ."

"ನಿನ್ನ ಸೊಸಿನ್ನ ಹುಡಕಾಗ ನೀ ಎಷ್ಟ ಗುಣ ನೋಡಿದ್ದಿಪಾ?"

"ಸೊಸಿನ್ನ ನನ್ನ ಬೇಗಂ ನೋಡಿದ್ಳ್ರಿ. ನಾ ಅವರ ಮನೀ ಬಿರಿಯಾನಿ ನೋಡ್ದೆ."

ಅಪ್ಪ ಜೋರಾಗಿ ನಕ್ಕ. ಆ ದಿನಗಳಲ್ಲಿ ಅವನು ಬಹಳ ನಗುತ್ತಿದ್ದ. ಇದನ್ನು ಬರೆಯಲೇಬೇಕು, ಏಕೆಂದರೆ ಆಮೇಲಿನದ್ದನ್ನು ಮಾತ್ರ ಹೇಳಿದರೆ ಅವನನ್ನು ಬರೀ ಹಟಮಾರಿ ಅಂದುಕೊಳ್ಳುವುದು ಸುಲಭ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಮಿಸ್ತ್ರಿ ಚಾಚಾನ ಹಳೆಯ ಜೀಪಿನಲ್ಲಿ ನಾರಾಯಣಪುರದ ರಸ್ತೆಯ ಮೇಲೆ ಗಾಡಿ ನಡೆಸುವುದನ್ನು ಕಲಿತ. ಐವತ್ತರ ಮನುಷ್ಯ ಮನೆಗೆ ಬಂದು ಅವ್ವನ ಮುಂದೆ ಕಾಲಿನಿಂದ ಇಲ್ಲದ ಕ್ಲಚ್ಚು ಒತ್ತಿ ತೋರಿಸುತ್ತಿದ್ದ. ಅವ್ವ, "ಸಾಕ್ರಿ, ಚಾ ಚೆಲ್ತದ," ಅನ್ನುತ್ತಿದ್ದಳು.

ಆ ಚಳಿಗಾಲದಲ್ಲಿ ಕಲಬುರ್ಗಿಯಿಂದ ಒಂದು ಸಣ್ಣ ಕಾರು ಬಂತು. ಎರಡೇ ಬಾಗಿಲು, ಆಕಾಶನೀಲಿ ಬಣ್ಣ. ಮಾರುವವನು ಮನೆಯ ಮುಂದೆಯೇ ತಂದು ನಿಲ್ಲಿಸಿದ. ಅಪ್ಪ, ಅವ್ವ, ನಾನು ಅದರಲ್ಲಿ ಕುಳಿತು ಹೆದ್ದಾರಿಯವರೆಗೆ ಹೋಗಿ ಬಂದೆವು. ಇಳಿಜಾರಿನಲ್ಲಿ ಅದು ಒಮ್ಮೆ ಹಗುರಾಗಿ ಎದ್ದು ಕುಳಿತಾಗ ಹೊಟ್ಟೆಯಲ್ಲಿ ಕಚಗುಳಿಯಾಯಿತು. ಅವ್ವ ನನ್ನ ತೊಡೆ ಹಿಡಿದು, "ಏ, ಇದೇ ನೋಡು, ಜೋಕಾಲಿ!" ಎಂದಳು. ಅವ್ವನ ಧ್ವನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಿಸ್ತ್ರಿ ಚಾಚಾನೂ ಇಂಜಿನ್ನಿಗೆ ಕಿವಿಗೊಟ್ಟು ತಲೆಯಾಡಿಸಿದ. ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದು.

ಮಾವ ಒಂದು ಸುತ್ತು ಹಾಕಿ ನಿಂತ. "ಬಾಗಲಾ ಎರಡೇ ಅವ."

"ಅದಕ್ಕೇನಾಯ್ತು?" ಅಂದಳು ಅವ್ವ.

"ಹಿಂದ ಕುಂದ್ರಬೇಕಂದ್ರ ಮುಂದಿನ ಸೀಟ ಮಡಚಬೇಕು. ಬೀಗರ ಬಾಗಲಾಗ, ಊರ ಮಂದಿ ಮುಂದ, ಮಗಳನ್ನ ಬಗ್ಗಿಸಿ ಒಳಗ ತುರುಕ್ತೀರೇನು? ಅವರ ಬಾಯಿಗಿ ಇನ್ನೊಂದ ಮಾತ ಕೊಟ್ಟಂಗ ಆಗ್ತದ."

ಅವ್ವ ಅಪ್ಪನ ಹತ್ತಿರ ಹೋಗಿ ಮೆಲ್ಲಗೆ, "ತಗೋರಿ. ಅಕಿ ಬಗ್ಗಿ ಕುಂದ್ರತಾಳ. ಅಕಿಗಿ ಬರೋದು ಬೇಕಾಗ್ಯದ," ಎಂದಳು. ಅಪ್ಪ ಆ ಕಾರಿನ ಮುಂದಿನ ಸೀಟನ್ನು ಎರಡು ಸಲ ಮಡಚಿ, ಎರಡು ಸಲ ನೆಟ್ಟಗೆ ಮಾಡಿ ನೋಡಿದ. ಆಮೇಲೆ ಬೇಡ ಅಂದ. ನೀಲಿ ಕಾರು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಅವ್ವ ಕಟ್ಟೆಯ ಮೇಲೆ ನಿಂತಿದ್ದಳು.

ಎರಡನೆಯ ಪಂಚಮಿ ಬಂತು. ಕಾರು ಇರಲಿಲ್ಲ. ಅಪ್ಪ ಹೋಗಲಿಲ್ಲ. ಮಾವ ಬಸ್ಸಿನಲ್ಲಿ ಹೋಗಿ ಶೇಂಗಾದ ಉಂಡಿ, ಎಳ್ಳಿನ ಉಂಡಿ, ಸೀರೆ, ಬಳೆ ಕೊಟ್ಟು ಬಂದ. ಕಳಿಸಿರೆಂದು ಕೇಳಲಿಲ್ಲ, ಏಕೆಂದರೆ ಕೇಳಲು ಅಪ್ಪನ ಅಪ್ಪಣೆಯಿರಲಿಲ್ಲ. ಬೀಗರೂ ಏನೂ ಅನ್ನಲಿಲ್ಲವಂತೆ. ಅಕ್ಕ ಒಳಗಿನಿಂದ ನೀರು ತಂದುಕೊಟ್ಟು, ಬುಟ್ಟಿ ಎತ್ತಿಕೊಂಡು, ಅವನ ಹಿಂದೆ ಬಾಗಿಲ ಕಡೆಗೆ ಒಮ್ಮೆ ನೋಡಿದಳಂತೆ, ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ. ಮಾವ ಇದನ್ನು ಅವ್ವನಿಗೆ ಹೇಳುವಾಗ ನಾನು ಪಕ್ಕದಲ್ಲಿದ್ದೆ. ಆ ವರ್ಷ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದೆವು. ಅವ್ವ ಅದರ ಹತ್ತಿರ ಬರಲಿಲ್ಲ.

ಮಗಳಿಗೆ ಮಕ್ಕಳಾಗುವ ತನಕ ತಾಯಿ ಬೀಗರ ಮನೆಗೆ ಹೋಗುವ ರೂಢಿ ನಮ್ಮ ಮನೆತನದಲ್ಲಿ ಇರಲಿಲ್ಲ. ಅಕ್ಕನಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಹೀಗಾಗಿ ಅವ್ವ ಅವಳನ್ನು ಆ ವರ್ಷಗಳಲ್ಲಿ ನೋಡಿದ್ದು ಒಂದೇ ಸಲ, ನಾರಾಯಣಪುರದಲ್ಲಿ ಒಂದು ಲಗ್ನದಲ್ಲಿ. ಅಕ್ಕ ಅತ್ತೆಮನೆಯವರ ಜೊತೆ ಜೀಪಿನಲ್ಲಿ ಬಂದಿದ್ದಳು. ಪಂಕ್ತಿಯಲ್ಲಿ ಅವ್ವ, ಅಕ್ಕ, ನಾನು ಒಟ್ಟಿಗೆ ಕುಳಿತೆವು. ಅಕ್ಕ ಎಲೆಯ ಮೇಲಿನ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ ಕೇಳಿದಳು:

"ಅವ್ವಾ, ಅಪ್ಪಗ ನನ್ನ ಮ್ಯಾಲ ಸಿಟ್ಟದೇನು?"

"ಇಲ್ಲವಾ. ಸಿಟ್ಟ ಯಾಕ?"

"ಮತ್ತ ಕರೀಲಾಕ ಯಾಕ ಬರವಲ್ಲ? ಮನ್ಯಾಗ ಅತ್ತಿ ಕೇಳ್ತಾಳ, ನಿನ್ನ ತವರಮನಿ ಬಾಗಲಾ ಹಾಕ್ಯಾರೇನು ಅಂತ. ನಾ ಏನ ಹೇಳ್ಲಿ?"

ಅವ್ವ ನನ್ನ ಕಡೆ ನೋಡಿದಳು. ನಾನು ಎಲೆ ನೋಡಿದೆ. ಮೂರು ಹೆಜ್ಜೆ ಆಚೆ ಅಕ್ಕನ ಅತ್ತೆ ಕುಳಿತಿದ್ದರು. ಕಾರಿನ ಸುದ್ದಿ ಅವರ ಕಿವಿಗೆ ಬೀಳಬಾರದು ಎಂಬುದು ಅಪ್ಪನ ಆಣೆ. ಅವ್ವ ತನ್ನ ಎಲೆಯ ಹೋಳಿಗೆಯನ್ನು ಎತ್ತಿ ಅಕ್ಕನ ಎಲೆಗೆ ಹಾಕಿ, "ಇನ್ನೊಂದೀಟ ತಡಿ. ಬರ್ತಾರ," ಎಂದಳು. ಅಷ್ಟೇ ಹೇಳಿದಳು.

ಮೂರನೆಯ ಪಂಚಮಿಗೂ ಕಾರು ಬರಲಿಲ್ಲ. ಹೈದರಾಬಾದಿನಲ್ಲಿ ನೋಡಿದ್ದಕ್ಕೆ ಕಾಗದ ಸರಿ ಇರಲಿಲ್ಲ. ಇನ್ನೊಂದು ಬೀಗರ ಜೀಪಿಗಿಂತ ಹಳೆಯದಾಗಿ ಕಾಣುತ್ತದೆಂದು ಮಾವ ಬೇಡವೆಂದ. ಮಾವನ ಮಾತನ್ನು ಅಪ್ಪ ಹೆಚ್ಚೆಚ್ಚು ಕೇಳತೊಡಗಿದ್ದ. ಇಷ್ಟು ದಿನ ತಡವಾದ ಮೇಲೆ ಸಾಧಾರಣ ಗಾಡಿ ಒಯ್ಯುವುದು ಹೇಗೆ ಎಂಬುದು ಅವನ ಲೆಕ್ಕ. ತಡವಾದಷ್ಟೂ ಕಾರು ಇನ್ನೂ ಚೆನ್ನಾಗಿರಬೇಕಾಗುತ್ತಿತ್ತು, ಚೆನ್ನಾಗಿರಬೇಕಾದಷ್ಟೂ ತಡವಾಗುತ್ತಿತ್ತು. ಈ ನಡುವೆ ಮಜಾದ ಮಾತು ಬಿಟ್ಟೇಹೋಗಿತ್ತು. ಈಗ ನಾನು ಇದನ್ನು ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆಗ ನಮಗೆ ಯಾರಿಗೂ ಹಾಗೆ ಕಾಣುತ್ತಿರಲಿಲ್ಲ. ಪ್ರತಿ ಸಲವೂ ಇನ್ನೇನು ಬಂತು ಅನ್ನಿಸುತ್ತಿತ್ತು.

ಕೊನೆಗೆ ಕಾರು ಬಂತು. ಸೊಲ್ಲಾಪುರದ ಒಬ್ಬ ಡಾಕ್ಟರರು ಬಳಸುತ್ತಿದ್ದ ಅಂಬಾಸಿಡರ್. ಹಾಲುಕೆನೆಯ ಬಣ್ಣ, ನಾಲ್ಕು ಬಾಗಿಲು, ಚೆನ್ನಾಗಿಟ್ಟುಕೊಂಡ ಗಾಡಿ. ಮಾವನಿಗೂ ಐಬು ಸಿಗಲಿಲ್ಲ. ಆದರೆ ಅದು ಮನೆ ಮುಟ್ಟಿದ್ದು ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಸಂಜೆ. ಎರಡು ದಿನಕ್ಕೆ ಆಷಾಢ ಹಿಡಿಯಿತು. ಆಷಾಢದಲ್ಲಿ ಹೊಸ ಕೆಲಸಕ್ಕೆ ಕೈಹಾಕುವವರು ನಮ್ಮಲ್ಲಿ ಯಾರೂ ಇಲ್ಲ. ಅಪ್ಪ ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿ ಹೇಳಿದ: "ಶ್ರಾವಣ ಬರಲಿ. ಪೂಜಿ ಮಾಡಿ ಮೊದಲನೇ ಸವಾರಿ ಹುಮನಾಬಾದಿಗೇ. ಮಗಳು ಕುಂದ್ರೋ ತನಕ ಇದರಾಗ ಯಾರೂ ಎಲ್ಲೂ ಹೋಗಬಾರ್ದು."

ಆ ಹೊತ್ತಿಗೆ ಅವ್ವನಿಗೆ ಮೈ ನೆಟ್ಟಗಿರಲಿಲ್ಲ. ಕಾಲು ಬಾತಿದ್ದವು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರು ಮನೆಗೇ ಬಂದು ನೋಡಿ, ಎದೆ ಸೋತಿದೆ, ಉಪ್ಪು ಬಿಡಿ, ಆಯಾಸ ಮಾಡಿಕೊಳ್ಳಬೇಡಿ ಎಂದು ಗುಳಿಗೆ ಕೊಟ್ಟಿದ್ದರು. ಅವ್ವನಿಗೆ ಹಾಸಿಗೆಗಿಂತ ಒರಗಿ ಕೂರುವುದೇ ಸುಖ. ಒಂದು ಮಧ್ಯಾಹ್ನ ಅವಳು ಅಂಗಳಕ್ಕೆ ಬಂದು ಕಾರಿನ ಹಿಂದಿನ ಎಡಬಾಗಿಲು ತೆಗೆದು ಒಳಗೆ ಕುಳಿತಳು. ಸೀಟು ಮೆತ್ತಗಿತ್ತು, ಬೆನ್ನಿಗೆ ಸರಿಯಾಗಿ ಆನಿಕೆ ಸಿಗುತ್ತಿತ್ತು. "ಇಲ್ಲಿ ಉಸಿರು ಆಡ್ತದ ನೋಡು," ಎಂದಳು ನನಗೆ. ಆಮೇಲೆ ದಿನಾಲೂ ಮಧ್ಯಾಹ್ನ ಬಾಗಿಲು ತೆರೆದಿಟ್ಟುಕೊಂಡು ಅಲ್ಲೇ ಕೂರುತ್ತಿದ್ದಳು. ನಾನು ಬಲಕ್ಕೆ ಕೂರಲು ಹೋದರೆ ಬಿಡುತ್ತಿರಲಿಲ್ಲ.

"ಅದು ಅಕ್ಕನ ಜಾಗಾ. ಇಲ್ಲಿ ನಾ, ಅಲ್ಲಿ ಅಕಿ. ನೀ ಮುಂದ ಕುಂದ್ರು, ಅಪ್ಪನ ಬಾಜು."

ಹಾಗಾಗಿ ನಾನು ಮುಂದೆ ಕುಳಿತು ಹಿಂದಕ್ಕೆ ತಿರುಗಿ ಅವಳ ಜೊತೆ ಮಾತಾಡುತ್ತಿದ್ದೆ. ಕಾರು ನಿಂತಲ್ಲೇ ಇರುತ್ತಿತ್ತು. ಅವ್ವ ಒಮ್ಮೊಮ್ಮೆ ಕಿಟಕಿಯಿಂದ ಹೊರಗೆ ನೋಡಿ, "ಈಗ ರಾಜೇಶ್ವರ ಬಂತು," ಅನ್ನುತ್ತಿದ್ದಳು. ಹೊರಗೆ ನಮ್ಮದೇ ಗೋಡೆ ಇರುತ್ತಿತ್ತು. ಇಬ್ಬರೂ ನಗುತ್ತಿದ್ದೆವು.

ಒಂದು ದಿನ ಅಪ್ಪ ಅಂಗಡಿಯಿಂದ ಊಟಕ್ಕೆ ಬಂದಾಗ ಅವ್ವ ಅಲ್ಲಿಂದಲೇ ಕೇಳಿದಳು: "ಏನ್ರಿ, ನಾಳೆ ಬಸ್ಸಿಗಿ ಹೋಗಿ ಅಕಿನ್ನ ಕರಕೊಂಡ ಬರ್ರಿ. ನನಗ ನೋಡಬೇಕನಸ್ತದ."

ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. "ಇಷ್ಟ ದಿನ ತಡದಿ. ಆಷಾಢದ ಅಮಾಸಿ ದಾಟಲಿ. ಗಾಡಿ ಬಾಗಲಾಗ ಅದ. ಈಗ ಬಸ್ಸಿಗಿ ಹೋದ್ರ ಎಲ್ಲಾ ಮಾಡಿದ್ದು ಏನ ಬಂತು?"

"ಹಂಗಾರ ಆಗ್ಲಿ," ಅಂದಳು ಅವ್ವ. ಮತ್ತೆ ಕೇಳಲಿಲ್ಲ.

ಆ ಅಮಾವಾಸ್ಯೆಗೆ ಇನ್ನೂ ಕೆಲವು ದಿನಗಳಿರುವಾಗ, ಮಧ್ಯಾಹ್ನ ಊಟವಾದ ಮೇಲೆ, ಅಂಗಳಕ್ಕೆ ಬರಲೆಂದು ಎದ್ದವಳು ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕುಳಿತಳು. ನಾನು ಓಡಿ ಹೋಗಿ ಹಿಡಿದೆ. ಅವಳ ಕೈ ಬೆಚ್ಚಗಿತ್ತು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂಗಡಿಯ ಫೋನಿನಿಂದ ಹುಮನಾಬಾದಿಗೆ ಸುದ್ದಿ ಮುಟ್ಟಿಸಿದರು. ಬೀಗರು ಜೀಪು ತೆಗೆದುಕೊಂಡು ಬೇರೆ ಊರಿಗೆ ಹೋಗಿದ್ದರಂತೆ. ಅಕ್ಕ ಅವರಿಗಾಗಿ ಕಾಯಲಿಲ್ಲ. ಭಾವನ ಜೊತೆ ಬಸ್ಸು ಹತ್ತಿದಳು. ಮಳೆ ಇರಲಿಲ್ಲ, ರಸ್ತೆ ಒಣಗಿತ್ತು, ಬಸ್ಸು ಎಲ್ಲೂ ನಿಲ್ಲಲಿಲ್ಲ. ಇಳಿಹೊತ್ತಿಗೆಲ್ಲ ಅವಳು ಓಣಿಯ ತಿರುವಿನಲ್ಲಿ ಕಂಡಳು. ಅಷ್ಟೇ ದೂರ ಅದು. ಆ ಬಸ್ಸು ಆ ಎಲ್ಲ ವರ್ಷಗಳಲ್ಲೂ ದಿನವೂ ಹೋಗಿ ಬರುತ್ತಿತ್ತು.

ಅವ್ವನನ್ನು ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಜನ ಸೇರುತ್ತಿದ್ದರು. ಅಂಗಳದಲ್ಲಿ ಕಾರು ನಿಂತಿದ್ದರಿಂದ ನಿಲ್ಲಲು ಜಾಗವಿರಲಿಲ್ಲ. ಅಕ್ಕ ಒಳಗೆ ಬರುವಾಗ ಅದಕ್ಕೂ ಗೋಡೆಗೂ ನಡುವೆ ಅಡ್ಡಲಾಗಿ ನುಸುಳಿ ಬಂದಳು. ಸೀರೆಯ ಸೆರಗು ಅದರ ಹಿಡಿಕೆಗೆ ಸಿಕ್ಕಿತು. ಬಿಡಿಸಿಕೊಂಡಳು. ಕಾರಿನ ಕಡೆ ನೋಡಲಿಲ್ಲ.

ಆಮೇಲೆ ಯಾರೋ ಗಾಡಿಯನ್ನು ಹೊರಗೆ ತೆಗೆಯಿರೆಂದರು. ಮಿಸ್ತ್ರಿ ಚಾಚಾ ಕೀಲಿ ಕೇಳಿದ. ಅಪ್ಪ ಕೊಡಲಿಲ್ಲ. "ಚಾಲೂ ಮಾಡಬ್ಯಾಡ್ರಿ," ಎಂದ. ಧ್ವನಿ ಬಹಳ ಸಣ್ಣದಾಗಿತ್ತು. "ಕೈಲೆ ದಬ್ಬರಿ." ಗಂಡಸರು ಸೇರಿ ದಬ್ಬಿದರು. ಅಪ್ಪನೂ ಹಿಂದೆ ನಿಂತು ದಬ್ಬಿದ. ಕಾರು ಸದ್ದಿಲ್ಲದೆ ಅಂಗಳ ದಾಟಿ ಓಣಿಗೆ ಹೋಯಿತು.

ಕಾರ್ಯದ ದಿನ ಬೀಗರೆಲ್ಲ ಬಂದಿದ್ದರು. ಊಟವಾದ ಮೇಲೆ ಅಕ್ಕನ ಮಾವ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕುಳಿತರು. ಅಂಗಳಕ್ಕೆ ಮತ್ತೆ ತಂದು ನಿಲ್ಲಿಸಿದ್ದ ಕಾರನ್ನು ನೋಡುತ್ತಾ, ಏನಾದರೂ ಮಾತಾಡಬೇಕೆಂಬಂತೆ, "ಗಾಡಿ ಯಾವಾಗ ತಗೊಂಡ್ರಿ?" ಎಂದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ.

"ನೀವೇ ಹೇಳಿದ್ರಲ್ರಿ," ಅಂದ ಅಪ್ಪ.

"ನಾನಾ? ಏನ ಹೇಳಿದ್ದೆ?"

"ಮೋಟಾರ ಇಲ್ಲಂದ್ರ ಕಳಸಂಗಿಲ್ಲ ಅಂದಿದ್ರಿ. ನಿಮ್ಮ ಪಡಸಾಲ್ಯಾಗ. ಮೊದಲನೇ ಪಂಚಮಿಗಿ."

ಅವರು ನೆನಪು ಮಾಡಿಕೊಳ್ಳುವುದನ್ನು ನಾನು ನೋಡಿದೆ. ಹುಬ್ಬು ಗಂಟಿಕ್ಕಿತು, ಬಿಚ್ಚಿತು, ಮತ್ತೆ ಗಂಟಿಕ್ಕಿತು. ನಿಜವಾಗಿ ಅವರಿಗೆ ನೆನಪಿರಲಿಲ್ಲ. ಆಮೇಲೆ ಬಾಯಿ ಸ್ವಲ್ಪ ತೆರೆಯಿತು.

"ಬೀಗರ... ಅದು ನಗ್ಯಾಡಾಕ ಅಂದಿದ್ದಲ್ರಿ? ನೀವು ಬರವಲ್ರಿ, ಕರೀವಲ್ರಿ. ನಾವು ಮನ್ಯಾಗ ಏನ ತಿಳಕೊಂಡಿವಂದ್ರ, ಮಗಳನ್ನ ಕೊಟ್ಟು ಕೈ ತೊಳಕೊಂಡಾರ ಅಂತ. ಒಂದ ಮಾತ ಕೇಳಿದ್ರ ನಾನೇ ಜೀಪಿನ್ಯಾಗ ಬಿಟ್ಟು ಹೋಗ್ತಿದ್ದೆ." ದೊಡ್ಡ ಧ್ವನಿಯ ಆ ಮನುಷ್ಯರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಪ್ಪ ಅಳಲಿಲ್ಲ. ಧೋತರದ ಅಂಚನ್ನು ಮಡಚುತ್ತಿದ್ದ. ಅದರ ಮೇಲೆ ಕೆಸರೇನೂ ಇರಲಿಲ್ಲ.

ಅಕ್ಕ ಒಳಗೆ ಹೋದಳು. ಸಂಜೆ ಬೀಗರು ಹೋದ ಮೇಲೆ ನನ್ನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಕೇಳಿದಳು. ನಾನು ಹೇಳಿದೆ: ಮೂರು ಗುಣ, ಕೋಳಿ, ನೀಲಿ ಕಾರು, ಅವ್ವ ಅದನ್ನು ತಗೋರಿ ಅಂದದ್ದು. ಅವ್ವ ದಿನಾ ಮಧ್ಯಾಹ್ನ ಎಲ್ಲಿ ಕೂರುತ್ತಿದ್ದಳು, ಯಾವ ಜಾಗವನ್ನು ಯಾರಿಗೂ ಬಿಡುತ್ತಿರಲಿಲ್ಲ ಎಂಬುದನ್ನೂ ಹೇಳಿದೆ. ಅಕ್ಕ ಕಾರಿನ ಬಳಿ ಹೋಗಿ ಎಡಬಾಗಿಲನ್ನು ತೆರೆದಳು. ಅವ್ವ ಒರಗುತ್ತಿದ್ದ ಕಡೆ ಸೀಟಿನ ಮೇಲೆ ತಲೆಯ ಎಣ್ಣೆಯ ಒಂದು ಗುಂಡನೆಯ ಕಲೆ ಇತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬಾಗಿಲು ಹಾಕಿ, ಸುತ್ತು ಬಳಸಿ ಬಂದು, ಬಲಗಡೆ ತನ್ನ ಜಾಗದಲ್ಲಿ ಕುಳಿತಳು. ದೀಪ ಹಚ್ಚುವ ಹೊತ್ತಿನವರೆಗೂ ಕುಳಿತಿದ್ದಳು.

ಮರುದಿನ ಅವಳು ಹೊರಟು ನಿಂತಾಗ ಅಪ್ಪ ಕಾರಿನ ಕೀಲಿ ಹಿಡಿದು ಬಂದ. ಶ್ರಾವಣ ಬಂದಿತ್ತು. ಪಂಚಮಿ ಕಳೆದಿತ್ತು. ಸಾವಿನ ಮನೆಯಾದ್ದರಿಂದ ನಮ್ಮಲ್ಲಿ ಹಬ್ಬವಿರಲಿಲ್ಲ.

"ನಾ ಬಿಟ್ಟು ಬರ್ತೀನವಾ."

"ಬ್ಯಾಡಪ್ಪಾ. ಬಸ್ಸಿಗಿ ಹೋಗ್ತೀನಿ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಪ್ಪನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. "ಬಸ್ಸ್ ಹ್ಯಾಂಗೂ ಅದ."

ಅವಳು ನಡೆದುಕೊಂಡು ನಿಲ್ದಾಣಕ್ಕೆ ಹೋದಳು. ಭಾವ ಅವಳ ಚೀಲ ಹಿಡಿದಿದ್ದ. ಅಪ್ಪ ಅಂಗಳದಲ್ಲಿ ಕೀಲಿ ಹಿಡಿದು ನಿಂತೇ ಇದ್ದ. ಆಮೇಲೆ ನನಗೆ, "ಕುಂದ್ರು," ಎಂದ. ನಾನು ಮುಂದೆ ಅವನ ಪಕ್ಕ ಕುಳಿತೆ. ಪೂಜೆ ಇಲ್ಲ, ಗಾಲಿಗೆ ನಿಂಬೆಹಣ್ಣಿಲ್ಲ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು.

ನಾವು ಬಸ್ಸಿನ ಹಿಂದೆ ಹೋದೆವು. ಬಸ್ಸನ್ನು ಹಿಂದೆ ಹಾಕುವಷ್ಟು ರಸ್ತೆ ಎಷ್ಟೋ ಕಡೆ ಸಿಕ್ಕಿತು. ಅಪ್ಪ ಹಾಕಲಿಲ್ಲ. ಬಸ್ಸು ನಿಂತಲ್ಲಿ ನಿಂತ, ಹೊರಟಾಗ ಹೊರಟ. ಬಸ್ಸಿನ ಹಿಂದಿನ ಕಿಟಕಿಯ ಧೂಳಿನಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ರಾಜೇಶ್ವರ ಬಂತು. ಯಾರೂ ಹೇಳಲಿಲ್ಲ.

ಹುಮನಾಬಾದಿನ ನಿಲ್ದಾಣದ ಹೊರಗೆ ಅಪ್ಪ ಗಾಡಿ ನಿಲ್ಲಿಸಿ ಇಳಿದ. ಅಕ್ಕ ಬಸ್ಸಿನಿಂದ ಇಳಿದು ನಮ್ಮನ್ನು ನೋಡಿ ನಿಂತಳು. ಅಪ್ಪ ಅವಳ ಹತ್ತಿರ ಹೋಗಲಿಲ್ಲ, ಅವಳೇ ಬಂದಳು. ಜನ ಓಡಾಡುತ್ತಿದ್ದರು. ಹಣ್ಣಿನ ಗಾಡಿಯವನೊಬ್ಬ ದಾರಿ ಬಿಡಿರೆಂದು ಕೂಗುತ್ತಿದ್ದ. ಅಪ್ಪ ಭಾವನ ಕಡೆ ತಿರುಗಿ ಕೈಮುಗಿದ. ಅಕ್ಕನ ಮಾವ ಅತ್ತೆ ಯಾರೂ ಇಲ್ಲದ ಆ ಜಾಗದಲ್ಲಿ, ನಿಂತುಕೊಂಡೇ, ಬೀಗರ ಪಡಸಾಲೆಯಲ್ಲಿ ಕುಳಿತು ಹೇಳಬೇಕಾದ ಮಾತನ್ನು ಹೇಳಿದ:

"ಮಗಳನ್ನ ಮುಂದಿನ ಪಂಚಮಿಗಿ ಕಳಸ್ರಿ."

ಭಾವ ಅಕ್ಕನ ಮುಖ ನೋಡಿದ. ಅಕ್ಕನೇ ಹೇಳಿದಳು. "ಬರ್ತೀನಪ್ಪಾ. ನಾನೇ ಬಸ್ಸಿಗಿ ಬರ್ತೀನಿ. ನೀ ಮನ್ಯಾಗಿರು." ಅಪ್ಪನ ಹೆಗಲ ಮೇಲಿನ ಟವೆಲ್ಲು ಜಾರಿತ್ತು. ಅದನ್ನು ಸರಿಮಾಡಿದಳು. ಆಮೇಲೆ ಭಾವನ ಜೊತೆ ನಡೆದು ಹೋದಳು.

ಅವಳು ಹೇಳಿದಂತೆ ಬಂದಳು, ಮರುವರ್ಷವೂ, ಆಮೇಲಿನ ವರ್ಷಗಳಲ್ಲೂ. ಬಸ್ಸಿನಲ್ಲೇ ಬಂದಳು. ಜೋಕಾಲಿ ಕಟ್ಟುತ್ತಿದ್ದೆವು. ಅವಳ ಮಕ್ಕಳು ಜೀಕಿದವು. ಆದರೆ ನನಗೆ ಪಂಚಮಿ ಎಂದರೆ ಆ ದಿನ ವಾಪಸು ಬಂದ ದಾರಿಯೇ ಮೊದಲು ನೆನಪಾಗುತ್ತದೆ.

ಊರು ದಾಟಿ ಹೆದ್ದಾರಿಗೆ ಬಂದ ಮೇಲೆ ಅಪ್ಪ ಗಾಡಿಯನ್ನು ಬದಿಗೆ ನಿಲ್ಲಿಸಿದ. ಎರಡೂ ಕಡೆ ತೊಗರಿಯ ಎಳೆಯ ಸಾಲುಗಳು. ತಲೆಯ ಮೇಲಿದ್ದ ಸಣ್ಣ ಕನ್ನಡಿಯಲ್ಲಿ ಅವನು ಹಿಂದಿನ ಸೀಟನ್ನು ನೋಡುತ್ತಿದ್ದ. ಬರುವಾಗಲೂ ಅವನು ಅದನ್ನೇ ನೋಡುತ್ತಿದ್ದನೆಂದು ನನಗೆ ಆಗ ತಿಳಿಯಿತು.

"ನೀ ಹಿಂದ ಕುಂದ್ರವಾ," ಎಂದ. "ಖಾಲಿ ಕಾಣ್ತದ."

ನಾನು ಇಳಿದು ಹಿಂದಿನ ಬಾಗಿಲು ತೆರೆದೆ. ಎಡಕ್ಕೆ ಅವ್ವನ ತಲೆಯ ಎಣ್ಣೆಯ ಕಲೆ. ಬಲಕ್ಕೆ ಅಕ್ಕನ ಜಾಗ. ಸ್ವಲ್ಪ ಹೊತ್ತು ಬಾಗಿಲು ಹಿಡಿದು ನಿಂತಿದ್ದೆ. ಆಮೇಲೆ ಯಾವ ಕಡೆಗೂ ತಾಗದಂತೆ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನಡುವೆ ಕುಳಿತೆ. ಅಪ್ಪ ಗಾಡಿ ಬಿಟ್ಟ.